ಆಲೆಮನೆಯಲ್ಲಿ ಥ್ರಿಲ್ಲರ್ ಓಪನಿಂಗ್: 2 ನಿಮಿಷಕ್ಕೆ 5 ವಾರ

ನಮ್ಮ ಮೊದಲ ಕಟ್ ನೋಡಿ ಎಲ್ಲರೂ ನಕ್ಕರು. ಹೆದರಬೇಕಾದ ಜಾಗದಲ್ಲೇ ಕರೆಕ್ಟಾಗಿ ನಕ್ಕರು. ರೂಮಿನಲ್ಲಿ ಏಳು ಜನ ಕೂತಿದ್ದರು. ಲೈಟ್ ಆಫ್ ಮಾಡಿ, ಲ್ಯಾಪ್‌ಟಾಪಿಗೆ ಸ್ಪೀಕರ್ ಸಿಕ್ಕಿಸಿ, ಬಹಳ ಗಂಭೀರವಾಗಿ ತೋರಿಸಿದ್ದೆವು. 50ನೇ ಸೆಕೆಂಡಿಗೆ ತಲೆ ಮುಚ್ಚುವ ಕಪ್ಪು ಹೂಡಿ ಹಾಕಿದವನು ಕಂಬದ ಹಿಂದಿನಿಂದ ಇಣುಕುತ್ತಾನೆ. ಆಗ ಮೂಲೆಯಿಂದ ಒಬ್ಬ, "ಮಗಾ, ಇವ್ನು ಅಡ್ರೆಸ್ ಸಿಗದೆ ಪರದಾಡ್ತಿರೋ ಡೆಲಿವರಿ ಹುಡ್ಗ ಅಲ್ವಾ?" ಅಂದ. ಮುಗೀತು. ಉಳಿದ ಒಂದು ನಿಮಿಷ ಯಾರೂ ನೋಡಲಿಲ್ಲ.

ಅದನ್ನು ಕಿತ್ತುಹಾಕಿ ಮತ್ತೆ ಕಟ್ಟಿದ್ದು ಹೇಗೆ ಅಂತ ಇಲ್ಲಿ ಬರೆದಿಡುತ್ತಿದ್ದೇನೆ. ನಾವು ಮೂವರು. ನಾನು ಬರೆಯೋದು ಮತ್ತು ಎಡಿಟಿಂಗ್, ಒಬ್ಬ ಗೆಳೆಯ ಕ್ಯಾಮೆರಾ, ಒಬ್ಬಳು ಗೆಳತಿ ಸೌಂಡು. ಕ್ಯಾಮೆರಾ ಅಂದರೆ ಫೋನು, ಜಾಸ್ತಿ ಕಲ್ಪಿಸಿಕೊಳ್ಳಬೇಡಿ.

ಕಾಲೇಜಿನಲ್ಲಿ ಕೊಟ್ಟ ಕೆಲಸ ಇಷ್ಟೇ: ಇನ್ನೂ ಯಾರೂ ತೆಗೆಯದ ಒಂದು ಥ್ರಿಲ್ಲರ್ ಸಿನಿಮಾದ ಶುರುವಿನ 2 ನಿಮಿಷ, ಟೈಟಲ್ ಸಮೇತ. ಕಥೆ ಮುಗಿಸೋ ಹಾಗಿಲ್ಲ, ಮುಂದೆ ನೋಡಬೇಕು ಅನ್ನಿಸಬೇಕು. ಇಂಗ್ಲೆಂಡಿನಲ್ಲಿ ಎ ಲೆವೆಲ್ (ನಮ್ಮ ಪಿಯುಸಿ ಹಾಗೆ) ಮೀಡಿಯಾ ಸ್ಟಡೀಸ್ ಓದುವ ಹುಡುಗರಿಗೆ ವರ್ಷಗಟ್ಟಲೆ ಹೆಚ್ಚುಕಡಿಮೆ ಇದೇ ಕೆಲಸ ಇತ್ತು. ಹೊಸ ಸಿನಿಮಾದ ಟೈಟಲ್ ಮತ್ತು ಓಪನಿಂಗ್, ಹೆಚ್ಚೆಂದರೆ 2 ನಿಮಿಷ. ಅವರು ಮಾಡಿದ್ದು ನೆಟ್‌ನಲ್ಲಿ ರಾಶಿ ಬಿದ್ದಿದೆ. ನಾವು ಹದಿನೈದಿಪ್ಪತ್ತು ನೋಡಿದೆವು. ಕಾಡಿನಲ್ಲಿ ಓಡುವ ಹುಡುಗಿ, ಹೂಡಿ, ಗ್ಲೋವ್ಸ್ ಹಾಕಿದ ಕೈ, ಗೋಡೆಗೆ ಅಂಟಿಸಿದ ಫೋಟೊ, ಕೆಳಗೆ ಗುಂಯ್ ಅನ್ನೋ ಮ್ಯೂಸಿಕ್ಕು. ನಾವು ಅದನ್ನೇ ಎತ್ತಿಕೊಂಡು ಬಂದು ಮೈಸೂರಿನ ಸರಸ್ವತಿಪುರಂನ ಒಂದು ರೋಡಿನಲ್ಲಿ ಇಳಿಸಿದ್ದೆವು.

ನಗು ತಿಂದ ಮರುದಿನ ಒಂದು ಹಾಳೆ ಇಟ್ಟುಕೊಂಡು ಕೂತೆವು. ಎಡಗಡೆ ನಾವು ಬಳಸಿದ ತಂತ್ರ, ಬಲಗಡೆ ಅದು ಅಲ್ಲಿ ಯಾಕಿದೆ ಅನ್ನೋದು. ಬಲಗಡೆ ಪೂರ್ತಿ ಖಾಲಿ ಉಳಿಯಿತು. ಮಾರ್ಚ್ ತಿಂಗಳಲ್ಲಿ ಮೈಸೂರಿನಲ್ಲಿ ರಾತ್ರಿ ಒಂಬತ್ತಕ್ಕೆ ಹೂಡಿ ಹಾಕುವವನು ಒಂದೋ ಜ್ವರ ಬಂದವನು, ಇಲ್ಲ ಶಾರ್ಟ್ ಫಿಲಂ ಹುಡುಗ. ಗ್ಲೋವ್ಸು? ನಮ್ಮಲ್ಲಿ ಗ್ಲೋವ್ಸ್ ಅಂದರೆ ಸ್ಕೂಟರ್ ಓಡಿಸುವ ಆಂಟಿಯರು ನೆನಪಾಗುತ್ತಾರೆ. ಕತ್ತಲು ಬೇಕು ಅಂತ ಎಡಿಟಿಂಗಿನಲ್ಲಿ ಸುಮ್ನೆ ಬ್ರೈಟ್‌ನೆಸ್ ಇಳಿಸಿದ್ದೆ, ಅದು ಕತ್ತಲಾಗಲಿಲ್ಲ, ಕೊಳೆ ನೀರಿನ ಹಾಗಾಯಿತು.

ಆ ತಂತ್ರಗಳಲ್ಲೇ ತಪ್ಪಿಲ್ಲ. ಮುಖ ಮುಚ್ಚೋದು 'ಯಾರಿವನು' ಅಂತ ಕೇಳಿಸೋಕೆ. ಕೈ ಮಾತ್ರ ತೋರಿಸೋದು ಕೆಲಸ ಕಾಣಲಿ, ಮನುಷ್ಯ ಕಾಣದಿರಲಿ ಅಂತ. ಆದರೆ 'ಯಾರು' ಅಂತ ಕೇಳಬೇಕಾದರೆ ಮೊದಲು ಏನಾದರೂ ಆಗಿರಬೇಕಲ್ಲ? ನಮ್ಮದರಲ್ಲಿ ಏನೂ ಆಗಿರಲಿಲ್ಲ. ಒಬ್ಬಳು ನಡೀತಾಳೆ, ಒಬ್ಬ ಇಣುಕ್ತಾನೆ, ಮ್ಯೂಸಿಕ್ ಮಾತ್ರ ಹೆದರಿ ಹೆದರಿ ಅಂತ ಬಡ್ಕೊಳ್ಳುತ್ತೆ.

ಕ್ಯಾಮೆರಾ ಗೆಳೆಯನಿಗೆ ಇನ್ನೊಂದು ಹುಚ್ಚಿತ್ತು. 1978ರ 'ಹ್ಯಾಲೋವೀನ್' ಸಿನಿಮಾದ ಶುರುವಿನಲ್ಲಿ ಕೊಲೆಗಾರನ ಕಣ್ಣೇ ಕ್ಯಾಮೆರಾ. ಹಾಗೆ ಮಾಡೋಣ ಅಂದ. ಒಂದು ಸಂಜೆ ಟ್ರೈ ಮಾಡಿ ಬಿಟ್ಟೆವು. ಅಲ್ಲಿ ಕೊನೆಗೆ ಮುಖವಾಡ ತೆಗೆದಾಗ ಯಾರು ಅಂತ ಗೊತ್ತಾಗುತ್ತದಲ್ಲ, ಅಷ್ಟು ಹೊತ್ತು ಆ ಕಣ್ಣಲ್ಲಿ ನೋಡಿದ್ದಕ್ಕೆ ಅಲ್ಲಿ ಬೆಲೆ ಸಿಗುತ್ತದೆ. ನಮ್ಮ ಹತ್ತಿರ ತೆಗೆಯೋಕೆ ಮುಖವಾಡವೂ ಇಲ್ಲ, ಒಳಗೆ ಮುಖವೂ ಇಲ್ಲ.

ಎರಡನೇ ವಾರ ಮೂಡ್ ಆಫ್ ಆಗಿ ಮಂಡ್ಯ ಜಿಲ್ಲೆಯ ಪಾಂಡವಪುರದ ಕಡೆ ಹೋದೆವು. ಗೆಳೆಯನ ದೊಡ್ಡಪ್ಪನ ಆಲೆಮನೆ ಅಲ್ಲಿದೆ. ಶೂಟಿಂಗಿಗಲ್ಲ, ಬಿಸಿ ಬೆಲ್ಲ ತಿನ್ನೋಕೆ. ಸಂಜೆ ಏಳರ ಹೊತ್ತು. ಒಳಗೆ ಒಂದೇ ಬಲ್ಬು. ಕೊಪ್ಪರಿಗೆಯ ಕೆಳಗೆ ಒಲೆ ಬಾಯಿ ಕೆಂಪಗೆ ಉರಿಯುತ್ತಿತ್ತು. ಒಲೆಗೆ ಒಣ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದ ಅಣ್ಣ ತಲೆ, ಮೂಗು, ಬಾಯಿ ಎಲ್ಲ ಸೇರಿಸಿ ಟವಲ್ ಸುತ್ತಿಕೊಂಡಿದ್ದರು. ಹೊಗೆ, ಬೂದಿ, ಶಾಖ ಮೂರಕ್ಕೂ ಅದೊಂದೇ ಉಪಾಯ. ಕಾಣುತ್ತಿದ್ದದ್ದು ಎರಡು ಕಣ್ಣು. ಬೆಳಕು ಕೆಳಗಿನಿಂದ ಬಿದ್ದು ಹುಬ್ಬಿನ ನೆರಳು ಹಣೆ ಮೇಲೆ ಹತ್ತಿತ್ತು. ಕ್ಯಾಮೆರಾದವನೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಹೂಡಿ ಇಲ್ಲೇ ಇತ್ತು, ಕಾರಣದ ಸಮೇತ.

ಅದಕ್ಕಿಂತ ದೊಡ್ಡದು ಇನ್ನೂ ಬರಬೇಕಿತ್ತು. ಗಾಣ ಓಡುವಾಗ ಪಕ್ಕದವನ ಮಾತು ಕೇಳಲ್ಲ, ಕಿವಿ ಹತ್ತಿರ ಹೋಗಿ ಕೂಗಬೇಕು. ಇದ್ದಕ್ಕಿದ್ದ ಹಾಗೆ ಕರೆಂಟ್ ಹೋಯಿತು. ಬಲ್ಬು ಆರಿತು, ಗಾಣದ ಸದ್ದು ಇಳಿಯುತ್ತಾ ಇಳಿಯುತ್ತಾ ನಿಂತಿತು. ಪಾಕ ಕುದಿಯೋದು ಮಾತ್ರ ಕೇಳುತ್ತಿದೆ. ಆಗ ಸಿಪ್ಪೆ ರಾಶಿಯ ಒಳಗಿಂದ ಒಂದು ಫೋನ್ ರಿಂಗಾಗುತ್ತಿರೋದು ಕೇಳಿಸಿತು.

ಯಾರದೋ ಜೇಬಿನಿಂದ ಬಿದ್ದದ್ದು, ಅಷ್ಟೇ. ಎಷ್ಟು ಹೊತ್ತಿಂದ ಹೊಡ್ಕೊತಿತ್ತೋ, ಗಾಣದ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಎಲ್ಲರೂ ನಗುತ್ತಾ ಸಿಪ್ಪೆ ಕೆದಕಿ ಹುಡುಕಿದರು. ನಾನು ನಗಲಿಲ್ಲ. ನನ್ನ ತಲೆಯಲ್ಲಿ ಟವಲ್ ಸುತ್ತಿದ ಮನುಷ್ಯ ಆ ಫೋನು ಹುಡುಕಲೇ ಇಲ್ಲ. ರಿಂಗಾಗುತ್ತಿರುವ ಹಾಗೇ ಸಿಪ್ಪೆ ಸಮೇತ ಕವೆಗೋಲಿನಲ್ಲಿ ಎತ್ತಿ ಒಲೆಗೆ ಹಾಕಿದ.

ವಾಪಸ್ ಬರುವಾಗ ಬಸ್ಸಿನಲ್ಲೇ ಬರೆದೆ. ಪಾಕ ಕುದಿಯುವ ಕ್ಲೋಸಪ್. ಸಿಪ್ಪೆ ತಳ್ಳುವ ಕೈ. ಗಾಣ. ಕರೆಂಟ್ ಹೋಗುತ್ತೆ. ರಿಂಗು. ಅವನು ನಿಲ್ಲುತ್ತಾನೆ, ತಿರುಗೋದಿಲ್ಲ. ರಿಂಗ್ ನಿಲ್ಲುತ್ತೆ, ಬೆವರು ಒರೆಸಿಕೊಳ್ಳುತ್ತಾನೆ. ಮತ್ತೆ ರಿಂಗು. ಈಗ ಎತ್ತಿ ಒಲೆಗೆ. ಕರೆಂಟ್ ಬರುತ್ತೆ, ಗಾಣ ಶುರು, ಬೆಲ್ಲದ ಅಚ್ಚಿನ ಮೇಲೆ ಟೈಟಲ್: 'ಅಚ್ಚು'. ರಕ್ತ ಇಲ್ಲ, ಚಾಕು ಇಲ್ಲ, ಮಾತೂ ಇಲ್ಲ.

ಶೂಟಿಂಗಿಗೆ ದೊಡ್ಡಪ್ಪ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. "ಒಸಿ ದೂರ ನಿಂತ್ಕಂಡು ಏನಾರ ಮಾಡ್ಕಳ್ರಪ್ಪಾ. ಪಾಕ ಮೈಮ್ಯಾಲೆ ಬಿದ್ರೆ ಚರ್ಮ ಕಿತ್ಕಂಡೇ ಬರೋದು." ಸುಳ್ಳಲ್ಲ. ಪಾಕ ಇಳಿಸುವ ಹೊತ್ತಿಗೆ 115 ಡಿಗ್ರಿ ದಾಟಿರುತ್ತದೆ, ನೀರಿನ ಹಾಗೆ ಜಾರಿ ಹೋಗಲ್ಲ, ಅಂಟಿಕೊಳ್ಳುತ್ತೆ. ನಮ್ಮಪ್ಪನಿಗೆ ಬೆಂಕಿ ಹತ್ತಿರ ಶೂಟಿಂಗ್ ಅಂದ ತಕ್ಷಣ ನೆನಪಾದದ್ದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋ. 1989ರಲ್ಲಿ ಅಲ್ಲಿ ಸೀರಿಯಲ್ ಸೆಟ್ಟಿಗೆ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಸತ್ತರು. ಆ ತಲೆಮಾರಿನ ಮೈಸೂರಿನವರು ಅದನ್ನು ಮರೆತಿಲ್ಲ. ಹಾಗಾಗಿ ಎರಡು ಬಕೆಟ್ ನೀರು, ಒದ್ದೆ ಗೋಣಿಚೀಲ, ವೈರ್ ಇಲ್ಲದ ಬ್ಯಾಟರಿ ಲೈಟು. ಒಲೆಗೆ ನಿಜವಾದ ಫೋನ್ ಹಾಕಲಿಲ್ಲ, ಬ್ಯಾಟರಿ ಸಿಡಿದರೆ ಅಷ್ಟೇ ಕಥೆ. ಎತ್ತುವ ಶಾಟಿನಲ್ಲಿ ಬ್ಯಾಟರಿ ತೆಗೆದ ಹಳೆ ಕೀಪ್ಯಾಡ್ ಸೆಟ್ ಇತ್ತು. ಬೆಂಕಿಗೆ ಬಿದ್ದದ್ದು ಬರೀ ಸಿಪ್ಪೆ. ಮಧ್ಯೆ ಒಂದು ಕಟ್.

ಕ್ಯಾಮೆರಾ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಆಟೋದಲ್ಲಿ ಬಿಟ್ಟರೆ ಉರಿ ಎದ್ದಾಗೆಲ್ಲ ಫೋನು ಇಡೀ ಫ್ರೇಮನ್ನು ಕತ್ತಲೆ ಮಾಡುತ್ತಿತ್ತು, ಇಳಿದಾಗ ಬೆಳಗಿಸುತ್ತಿತ್ತು, ಉಸಿರಾಡಿದ ಹಾಗೆ. ಎಕ್ಸ್‌ಪೋಷರ್ ಲಾಕ್ ಮಾಡಿದೆವು. ಬಣ್ಣ ಸರಿತೂಗಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿದ್ದರೆ ಬೆಂಕಿಯ ಕೆಂಪನ್ನೇ ತೊಳೆದು ಹಾಕುತ್ತೆ, ಅದಕ್ಕೆ 4500 ಕೆಲ್ವಿನ್‌ಗೆ ನಿಲ್ಲಿಸಿದೆವು. ನಮ್ಮ ಕರೆಂಟು 50 ಹರ್ಟ್ಸ್, ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತೆ. ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿಣುಕು ಸಿಗಲಿ ಅಂತ ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಸೆಕೆಂಡು. ಮೊದಲ ದಿನ 1/60 ಇಟ್ಟು ತೆಗೆದದ್ದರಲ್ಲಿ ಗೋಡೆ ತುಂಬ ಪಟ್ಟಿ ತೇಲುತ್ತಿತ್ತು. ಆವಿ ಕೂತು ಲೆನ್ಸ್ ಮಂಜಾಗುತ್ತಿತ್ತು, ಪ್ರತಿ ಶಾಟಿಗೂ ಒರೆಸೋದು. ಮುಖಕ್ಕೆ ಬೆಳಕು ಸಾಲದ ಕಡೆ ಚಿಕ್ಕ ಎಲ್‌ಇಡಿಗೆ ಕಿತ್ತಳೆ ಬಣ್ಣದ ಜಿಲೆಟಿನ್ ಪೇಪರ್ ಸುತ್ತಿ ನೆಲದ ಮೇಲಿಟ್ಟು, ಅದರ ಮುಂದೆ ನಾನು ಬೆರಳು ಆಡಿಸಿದೆ. ನಂಬಿ, ಉರಿ ಕುಣಿದ ಹಾಗೇ ಕಾಣುತ್ತೆ.

ಬೇಡದಾಗ ದಿನಕ್ಕೆ ಮೂರು ಸಲ ಹೋಗುವ ಕರೆಂಟು ಶೂಟಿಂಗ್ ದಿನ ಹೋಗಲೇ ಇಲ್ಲ. ಸ್ವಿಚ್ ಆಫ್ ಮಾಡಿಸಬೇಕಾಯಿತು. ಗಾಣದಲ್ಲಿ ಕಬ್ಬು ಇರುವಾಗ ನಿಲ್ಲಿಸಿದರೆ ಸಿಕ್ಕಿಕೊಳ್ಳುತ್ತೆ ಅಂತ ದೊಡ್ಡಪ್ಪ ಬಿಡಲಿಲ್ಲ. ಪೂರ್ತಿ ಅರೆದು ಖಾಲಿ ಆದ ಮೇಲೆ ನಿಲ್ಲಿಸಿದರು. ಅದೇ ಒಳ್ಳೆಯದಾಯಿತು. ಖಾಲಿ ಗಾಣ ತಕ್ಷಣ ನಿಲ್ಲಲ್ಲ, ಬೆಲ್ಟು ತಿರುಗುತ್ತಾ ತಿರುಗುತ್ತಾ ಗರ್ರ್ ಅಂತ ಒಂಬತ್ತು ಸೆಕೆಂಡು ತಗೊಂಡು ಸಾಯುತ್ತೆ. ಇಡೀ 2 ನಿಮಿಷದಲ್ಲಿ ನನಗೆ ಅತಿ ಇಷ್ಟವಾದ ಸದ್ದು ಅದು.

ನಟನೆ ಬಗ್ಗೆ ಒಂದು ಮಾತು. ಮೊದಲು ಕಾಲೇಜಿನ ನಾಟಕದ ಹುಡುಗನೊಬ್ಬನನ್ನು ಕರೆದುಕೊಂಡು ಹೋಗಿದ್ದೆವು. ಅವನು ಕವೆಗೋಲು ಹಿಡಿದದ್ದು ನೋಡಿ ಅಲ್ಲಿಯವರು ಮುಸುಮುಸು ನಕ್ಕರು. ಕೊನೆಗೆ ಒಲೆ ನೋಡಿಕೊಳ್ಳುವ ಅಣ್ಣನನ್ನೇ ಕೇಳಿದೆವು. ಏನು ಮಾಡಬೇಕು ಅಂದರು. "ಏನೂ ಮಾಡ್ಬೇಡಿ ಅಣ್ಣ, ಫೋನ್ ರಿಂಗಾದಾಗ ಸುಮ್ನೆ ನಿಂತ್ಕೊಳ್ಳಿ, ಹತ್ತು ಎಣಿಸಿ." ನಿಂತರು. ಏಳಕ್ಕೋ ಎಂಟಕ್ಕೋ ಬೆವರು ಕಣ್ಣಿಗೆ ಇಳಿಯಿತು. ಒಂದು ಸಲ ಕಣ್ಣು ಮಿಟುಕಿಸಿದರು. ಆ ಒಂದು ಮಿಟುಕು ನಾನು ಬರೆದದ್ದಲ್ಲ.

ಎಡಿಟಿಂಗಿಗೆ ಕೂತಾಗ ಎರಡು ತೊಂದರೆ. ಒಂದು ಶಾಟಿನಲ್ಲಿ ಸಿಪ್ಪೆ ರಾಶಿ ಅವರ ಎಡಗಡೆ, ಮುಂದಿನದರಲ್ಲಿ ಬಲಗಡೆ. ಕ್ಯಾಮೆರಾ ಯಾವಾಗಲೂ ಒಂದೇ ಬದಿಯಲ್ಲಿರಬೇಕು, ಮಧ್ಯದ ಕಾಣದ ಗೆರೆ ದಾಟಬಾರದು ಅಂತ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದೆವು. ಕತ್ತಲಲ್ಲಿ ಬಕೆಟ್ಟು ದಾಟುವ ಗಡಿಬಿಡಿಯಲ್ಲಿ ಗೆರೆಯನ್ನೂ ದಾಟಿದ್ದೆವು. ಶಾಟನ್ನು ಕನ್ನಡಿಯ ಹಾಗೆ ತಿರುಗಿಸಿದೆ, ಸರಿಹೋಯಿತು ಅಂದುಕೊಂಡೆ, ಆಮೇಲೆ ನೋಡಿದರೆ ಗೋಡೆಯ ಕ್ಯಾಲೆಂಡರಿನಲ್ಲಿ ಅಂಕಿಯೆಲ್ಲ ಉಲ್ಟಾ. ಕ್ರಾಪ್ ಮಾಡಿ ಕ್ಯಾಲೆಂಡರ್ ಆಚೆ ತಳ್ಳಿದೆ.

ಇನ್ನೊಂದು, ಸೌಂಡ್ ಜಾರೋದು. ಫೋನು 25 ಫ್ರೇಮ್ ಅಂತ ಹೇಳಿಕೊಂಡರೂ ಸಮನಾಗಿ ತೆಗೆಯಲ್ಲ, ಒಮ್ಮೆ ಜಾಸ್ತಿ ಒಮ್ಮೆ ಕಮ್ಮಿ. ಬೇರೆ ರೆಕಾರ್ಡರಿನಲ್ಲಿ ಹಿಡಿದ ಸದ್ದು ಶುರುವಿನಲ್ಲಿ ಕೂರುತ್ತಿತ್ತು, ಆರು ನಿಮಿಷದ ಉದ್ದ ಶಾಟಿನ ಕೊನೆಗೆ ಅರ್ಧ ಸೆಕೆಂಡು ಹಿಂದೆ ಬೀಳುತ್ತಿತ್ತು. ಎಲ್ಲ ಕ್ಲಿಪ್ಪನ್ನೂ ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಸಾಫ್ಟ್‌ವೇರಿನಲ್ಲಿ ಹಾಕಿ ಸ್ಥಿರ 25 ಫ್ರೇಮಿಗೆ ಬದಲಾಯಿಸಿಕೊಂಡ ಮೇಲೆ ಸರಿಹೋಯಿತು. ಇದನ್ನು ಮೊದಲೇ ಮಾಡಿ. ನಾನು ಅರ್ಧ ಎಡಿಟ್ ಆದ ಮೇಲೆ ಮಾಡಿದೆ, ಎರಡು ರಾತ್ರಿ ಹೋಯಿತು.

ರಿಂಗಿನ ಸದ್ದಿಗೆ ಗೆಳತಿ ಪಟ್ಟ ಪಾಡು ಹೇಳಲೇಬೇಕು. ಫೋನನ್ನು ಮೇಜಿನ ಮೇಲಿಟ್ಟು ರೆಕಾರ್ಡ್ ಮಾಡಿ, ಆಡಾಸಿಟಿ ಅನ್ನೋ ಸೌಂಡ್ ಸಾಫ್ಟ್‌ವೇರಿನಲ್ಲಿ ಮೇಲಿನ ಸ್ವರ ಕತ್ತರಿಸಿದಳು. ಬಾತ್‌ರೂಮಿನಲ್ಲಿ ಯಾರೋ ಫೋನ್ ಬಿಟ್ಟ ಹಾಗಿತ್ತು. ದಿಂಬಿನ ಕೆಳಗಿಟ್ಟಳು, ಸತ್ತ ಸದ್ದು. ಕೊನೆಗೆ ಒಂದು ಗೋಣಿಚೀಲ ತುಂಬ ಒಣ ಸಿಪ್ಪೆ ಬಸ್ಸಿನಲ್ಲಿ ಹೊತ್ತು ತಂದೆವು. ಕಂಡಕ್ಟರ್ ಚೀಲ ಅಮುಕಿ ನೋಡಿ, "ಮೈಸೂರಲ್ಲಿ ಹಸು ಸಾಕ್ತಿದೀರೇನಮ್ಮಾ?" ಅಂದರು. ಚೀಲದೊಳಗೆ ಫೋನ್ ಇಟ್ಟು ವೈಬ್ರೇಟ್ ಸಮೇತ ರಿಂಗ್ ಮಾಡಿದಾಗ ಅದೇ ಬಂತು. ರಿಂಗಿನ ಕೆಳಗೆ ಸಿಪ್ಪೆ ಚರ್ರ್ ಚರ್ರ್ ಅಂತ ಅದುರುವ ಸದ್ದು. ಬೆಂಕಿಯಲ್ಲಿ ರಿಂಗು ಸಾಯುವುದಕ್ಕೆ ನಾನು ಸ್ವರವನ್ನು ಜಾರಿಸಿ ಇಳಿಸಿದ್ದೆ, ಕಾರ್ಟೂನಿನ ಹಾಗಾಯಿತು. ಅವಳು ಎಫೆಕ್ಟ್ ಎಲ್ಲ ತೆಗೆದು ರಿಂಗನ್ನು ಮಧ್ಯದಲ್ಲೇ ಕತ್ತರಿಸಿದಳು. ಟ್ರಿಣ್, ಟ್ರಿಣ್, ಟ್ರಿ. ಅಷ್ಟೇ. ಮ್ಯೂಸಿಕ್ ಪೂರ್ತಿ ತೆಗೆದೆವು. ಒಲೆಯ ಗುಡುಗುಡು ಇದೆಯಲ್ಲ, ಸಾಕು.

ಇಷ್ಟಾದರೂ ಏನೋ ಕಮ್ಮಿ. ನಾಲ್ಕನೇ ವಾರ ಅದೇ ಏಳು ಜನಕ್ಕೆ ತೋರಿಸಿದೆವು. ಈ ಸಲ ನಗಲಿಲ್ಲ. ರಿಂಗಾದಾಗ ಬೆಚ್ಚಿದರು, ಆಮೇಲೆ ಮತ್ತೆ ಒರಗಿ ಕೂತರು. ಥ್ರಿಲ್ಲರ್ ನಿರ್ದೇಶಕ ಹಿಚ್‌ಕಾಕ್ ಹೇಳುತ್ತಿದ್ದ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ನೆನಪಾಯಿತು. ಇಬ್ಬರು ಮಾತಾಡುತ್ತಿದ್ದಾರೆ, ಇದ್ದಕ್ಕಿದ್ದ ಹಾಗೆ ಬಾಂಬ್ ಸಿಡಿದರೆ ನೋಡುವವರಿಗೆ 15 ಸೆಕೆಂಡಿನ ಬೆಚ್ಚು. ಬಾಂಬ್ ಇರೋದು ನೋಡುವವರಿಗೆ ಮೊದಲೇ ಗೊತ್ತಿದ್ದರೆ, ಅದೇ ಮಾತುಕತೆ 15 ನಿಮಿಷದ ಚಡಪಡಿಕೆ. ನಮ್ಮದು ಬರೀ ಬೆಚ್ಚು. ನಮ್ಮ ಬಾಂಬು ಸಿಪ್ಪೆಯೊಳಗೇ ಇತ್ತು, ಆದರೆ ತೋರಿಸಿರಲಿಲ್ಲ.

ಮತ್ತೆ ಪಾಂಡವಪುರಕ್ಕೆ ಹೋಗಬೇಕಾಗಲಿಲ್ಲ. ಚೀಲ ಇತ್ತಲ್ಲ. ರೂಮಿನ ನೆಲದ ಮೇಲೆ ಸಿಪ್ಪೆ ಹರಡಿ, ಒಳಗೆ ಫೋನ್ ಹುದುಗಿಸಿ, ಎಲ್‌ಇಡಿಗೆ ಅದೇ ಕಿತ್ತಳೆ ಪೇಪರ್ ಸುತ್ತಿ, ಒಂದು ಸಿಪ್ಪೆಯ ಎಳೆಗೆ ಫೋಕಸ್ ಇಟ್ಟೆವು. ಕರೆ ಮಾಡಿದಾಗ ಆ ಎಳೆ ನಡುಗುತ್ತೆ, ಸಂದಿನಲ್ಲಿ ನೀಲಿ ಬೆಳಕು ಒಮ್ಮೆ ಕಾಣುತ್ತೆ. ಮೂರು ಸೆಕೆಂಡಿನ ಶಾಟು. ಅದನ್ನು ಗಾಣ ಜೋರಾಗಿ ಓಡುತ್ತಿರುವಾಗಲೇ, ಕರೆಂಟ್ ಹೋಗೋಕೆ 20 ಸೆಕೆಂಡ್ ಮುಂಚೆ ಹಾಕಿದೆವು. ಸದ್ದು ಕೇಳಲ್ಲ, ಅದುರೋದು ಮಾತ್ರ ಕಾಣುತ್ತೆ. ಮುಂದಿನ ಶಾಟಿನಲ್ಲಿ ಅವರು ಬೆನ್ನು ತಿರುಗಿಸಿ ಸಿಪ್ಪೆ ಎತ್ತುತ್ತಿದ್ದಾರೆ. ಈಗ ನೋಡುವವರಿಗೆ ಗೊತ್ತು, ಅವರಿಗೆ ಗೊತ್ತಾ ಇಲ್ವಾ ಅನ್ನೋದು ಗೊತ್ತಿಲ್ಲ. ಐದು ವಾರದಲ್ಲಿ ಅತಿ ಕಡಿಮೆ ಖರ್ಚಿನ ಶಾಟು, ಅತಿ ಜಾಸ್ತಿ ಕೆಲಸ ಮಾಡಿದ್ದೂ ಅದೇ.

ಟೈಟಲಿನಲ್ಲಿ ಇನ್ನೊಂದು ಹೊಡೆತ ಬಿತ್ತು. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ 'ಅಚ್ಚು' ಅಂತ ಟೈಪ್ ಮಾಡಿದರೆ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಂದು 'ಅಚ್‌ಚು' ಅಂತ ನಿಂತಿತು. ಫಾಂಟ್ ಬದಲಾಯಿಸಿದರೂ ಅದೇ. ಒತ್ತಕ್ಷರ ಇಲ್ಲದ ಹೆಸರು ಇಡೋಣ ಅಂತಲೂ ಮಾತಾಯಿತು, ನಾಚಿಕೆಗೇಡು! ಕೊನೆಗೆ ಇಂಕ್‌ಸ್ಕೇಪ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರಿನಲ್ಲಿ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿ ತಂದು ಕೂರಿಸಿದೆ. ಹೆಸರುಗಳನ್ನೂ ಹಾಗೇ. ಅವು ಕೈ ಕೆಲಸ ಮಾಡುವ ಶಾಟುಗಳ ಮೇಲೆ, ಕತ್ತಲಿರುವ ಮೂಲೆಯಲ್ಲಿ ಬರುತ್ತವೆ. ಅವರು ನಿಂತ ಮೇಲೆ ಒಂದು ಹೆಸರೂ ಇಲ್ಲ, ಆಗ ಓದೋಕೆ ಯಾರಿಗೆ ಪುರುಸೊತ್ತು?

ಖರ್ಚು ಎಲ್ಲ ಸೇರಿ ₹1,840. ಅದರಲ್ಲಿ ಜಾಸ್ತಿ ಭಾಗ ಬಸ್ಸು ಮತ್ತು ಪರೋಟ.

ಐದನೇ ವಾರ ಮನೆಯಲ್ಲಿ ಅಮ್ಮನಿಗೆ ತೋರಿಸಿದೆ. ಒಗ್ಗರಣೆ ಹಾಕುತ್ತಾ ಅರ್ಧ ಕಣ್ಣಲ್ಲಿ ನೋಡಲು ಶುರು ಮಾಡಿದರು. ಸಿಪ್ಪೆ ಎಳೆ ನಡುಗಿದಾಗ ಸೌಟು ನಿಂತಿತು. ಟೈಟಲ್ ಬಂದ ಮೇಲೆ, "ಯಾರ ಫೋನೋ ಅದು?" ಅಂದರು. ನನಗೂ ಗೊತ್ತಿಲ್ಲಮ್ಮ ಅಂದೆ. "ಗೊತ್ತಿಲ್ದೆ ಹೆಂಗೆ ತೆಗ್ದೆ?" ಅಂತ ಬೈದರು, ಸಾಸಿವೆ ಸೀದು ಹೋಗಿತ್ತು.

ನಾನು ಹಿಗ್ಗಿ ದೊಡ್ಡಪ್ಪನಿಗೂ ಕಳಿಸಿದೆ. ಫೋನಿನಲ್ಲೇ ಎರಡು ಸಲ ನೋಡಿದರಂತೆ. ಕರೆ ಮಾಡಿ, "ಚೆನ್ನಾಗೈತೆ ಕಣಪ್ಪಾ, ಆದ್ರೆ ಇದೇನ್ ಹಿಂಗ್ ಮಾಡಿದೀರಾ? ಮೊದ್ಲು ಪಾಕ ಹೊಂಬಣ್ಣಕ್ಕೆ ಬಂದೈತೆ, ಇಳಿಸೋ ಹದ. ಆಮ್ಯಾಕೆ ನೋಡುದ್ರೆ ಅದೇ ಕೊಪ್ಪರಿಗೇಲಿ ಹಸೀ ಕಬ್ಬಿನ್ ಹಾಲು, ನೊರೆನೂ ತೆಗ್ದಿಲ್ಲ. ಹಿಂದ್ಕೆ ಕುದೀತದಾ?" ಅಂದರು. ತೆಗೆದು ನೋಡಿದೆ. ಹೌದು. ಚಂದ ಕಾಣುತ್ತೆ ಅಂತ ಶುರುವಿಗೆ ಹಾಕಿದ ಕ್ಲೋಸಪ್ಪು ರಾತ್ರಿ ಹತ್ತರದ್ದು, ಅವರು ನಿಲ್ಲುವ ಶಾಟು ಎಂಟಕ್ಕೆ ತೆಗೆದದ್ದು. ಮಧ್ಯೆ ಎರಡು ಗಂಟೆಯ ಕುದಿ. ಏಳು ಜನ, ಅಮ್ಮ, ಕ್ಲಾಸಿನವರು ಯಾರೂ ಹಿಡಿಯಲಿಲ್ಲ, ಆದರೆ ಮಂಡ್ಯದ ಕಡೆ ಇದನ್ನು ತೋರಿಸಿದರೆ ಮೊದಲ ಸಾಲಿನಲ್ಲೇ ಹಿಡಿಯುತ್ತಾರೆ.

ಶನಿವಾರ ಮತ್ತೆ ಹೋಗುತ್ತಿದ್ದೇವೆ. ಈ ಸಲ ಕೊಪ್ಪರಿಗೆಗೆ ಕಬ್ಬಿನ ಹಾಲು ಬಿಡೋಕೆ ಮುಂಚೆ.